ಗುಂಡಿನ ಪಾದರಕ್ಷೆ

ಕ್ಯಾಸಂಬಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಮಕ್ಕಳು ಮುಟ್ಟಬಾರದ ವಸ್ತುಗಳು ಮೂರಿದ್ದವು. ಒಂದು, ದೇವರ ಗೂಡಿನ ಹಿತ್ತಾಳೆ ಗಂಟೆ. ಎರಡು, ತಾತ ಚಿನ್ನದ ಗಣಿಯಲ್ಲಿ ತಲೆಗೆ ಹಾಕಿಕೊಳ್ಳುತ್ತಿದ್ದ ಟೋಪಿ. ಮೂರನೆಯದು, ಗೋಡೆಯ ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿದ್ದ ತುಪಾಕಿ. ಗಂಟೆ ಮುಟ್ಟಿದರೆ ಅಜ್ಜಿ ಗದರುತ್ತಿದ್ದಳು. ಟೋಪಿ ಮುಟ್ಟಿದರೆ ತಾತ ಕೆಮ್ಮುತ್ತಿದ್ದ. ತುಪಾಕಿ ಮುಟ್ಟಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಹೇಳದೆ ಬಿಟ್ಟಿದ್ದರಿಂದಲೇ ಅದಕ್ಕೆ ಅಷ್ಟು ಮರ್ಯಾದೆ.

ಕೊಡಗಿನಲ್ಲಾದರೆ ಅದನ್ನು ಕೋವಿ ಎನ್ನುತ್ತಿದ್ದರು, ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಮುಡಿಸುತ್ತಿದ್ದರು, ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯವಾಡುತ್ತಿದ್ದರು. ಕೋಲಾರದ ಕಡೆ ಅಂಥ ಸಡಗರವೇನೂ ಇಲ್ಲ. ಇಲ್ಲಿ ಅದು ಹೊಲ ಕಾಯುವ ಸಾಮಾನು, ಅಷ್ಟೆ. ಒಂಟಿ ನಳಿಗೆ. ಬಾಯಿಯ ಕಡೆಯಿಂದಲೇ ಮದ್ದು ಸುರಿಯಬೇಕು, ಗಜದಿಂದ ಗಿಡಿಯಬೇಕು, ಹಿಂದೆ ಕೇಪು ಇಟ್ಟು ಕುದುರೆ ಎಳೆಯಬೇಕು. 1959ರ ಆಯುಧ ಕಾಯ್ದೆಯಲ್ಲಿಯೇ ಬಾಯಿಯಿಂದ ತುಂಬುವ ಬಂದೂಕನ್ನು ಬೆಳೆ ರಕ್ಷಣೆಗೆ ಇಟ್ಟುಕೊಳ್ಳುವವರ ಪ್ರಸ್ತಾಪವಿದೆ. ತಾತನ ಲೈಸೆನ್ಸ್ ಪುಸ್ತಕವೂ ಆ ಬಗೆಯದು. ಚುನಾವಣೆ ಬಂದಾಗಲೆಲ್ಲ ತುಪಾಕಿ ಗೋಣಿಚೀಲದಲ್ಲಿ ಸುತ್ತಿಕೊಂಡು ಪೊಲೀಸ್ ಠಾಣೆಗೆ ಹೋಗಿ, ಫಲಿತಾಂಶ ಬಂದ ಮೇಲೆ ಮನೆಗೆ ಬರುತ್ತಿತ್ತು. 2024ರ ಲೋಕಸಭೆ ಚುನಾವಣೆಗೂ ಹೋಗಿ ಬಂತು. ಮನೆಯಲ್ಲಿ ಇಷ್ಟು ಸಲ ಠಾಣೆಯ ಮೆಟ್ಟಿಲು ಹತ್ತಿದವರು ಬೇರೆ ಯಾರೂ ಇಲ್ಲ ಎಂದು ಅಜ್ಜಿ ಹೇಳುವುದಿತ್ತು.

ತಾತ ಅದಕ್ಕೆ ಗುಂಡು ಹಾಕಿ ಎಷ್ಟೋ ವರ್ಷಗಳಾಗಿದ್ದವು. ನೆಲಗಡಲೆ ಬಲಿಯುವ ಕಾಲಕ್ಕೆ ಹಂದಿಗಳು ಹೊಲಕ್ಕೆ ನುಗ್ಗುತ್ತವೆ, ಒಂದು ರಾತ್ರಿಯಲ್ಲಿ ಮೂರು ತಿಂಗಳ ದುಡಿಮೆಯನ್ನು ಮಗುಚಿ ಹಾಕುತ್ತವೆ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಂಡದ್ದಕ್ಕೆ ಗುಂಡು ಹೊಡೆಯುವ ಕಾಲ ಮುಗಿಯಿತು. ತಾತ ಹಾಕುತ್ತಿದ್ದುದು ಬರೀ ಮದ್ದು, ಅದರ ಮೇಲೆ ತೆಂಗಿನ ನಾರಿನ ಉಂಡೆ. ಆಕಾಶಕ್ಕೆ ಮುಖ ಮಾಡಿ ಒಂದು ಢಂ ಎನಿಸಿದರೆ ಹಂದಿಗಳು ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು. ಪಕ್ಕದವರು ಪಟಾಕಿ ಹೊಡೆದರೆ ತಿರುಗಿ ಇಲ್ಲಿಗೆ.

ಹುಡುಗ ಇರುವುದು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ, ಅಪ್ಪ ಅಮ್ಮನ ಜೊತೆ. ದ್ವಿತೀಯ ಪಿಯುಸಿ, ವಿಜ್ಞಾನ. ವಾರ ಪೂರ್ತಿ ಕಾಲೇಜು, ಸಂಜೆ ಸಿಇಟಿ ಪಾಠ, ಭಾನುವಾರ ಅಮ್ಮನ ತವರಾದ ಕ್ಯಾಸಂಬಳ್ಳಿ. ಅಮ್ಮನ ತಮ್ಮ ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಭಾನುವಾರ ಬೆಳಗ್ಗೆ ಇಲ್ಲಿ ಉಪ್ಪಿಟ್ಟಿನ ಹೊತ್ತಿಗೆ ಅವನಿಗೆ ಶನಿವಾರ ರಾತ್ರಿ; ಆಗ ಫೋನಿನಲ್ಲಿ ಮುಖ ತೋರಿಸುತ್ತಾನೆ. ಒಂದು ಭಾನುವಾರ ಅವನು ಮುಖದ ಬದಲು ಅಂಗೈ ತೋರಿಸಿದ. ಅಂಗೈಯಲ್ಲಿ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಒಂದು ಪ್ಲಾಸ್ಟಿಕ್ ಬಟ್ಟಲು. ಬಟ್ಟಲಿನ ಗೋಡೆಯನ್ನು ಉದ್ದಕ್ಕೆ ಸೀಳಿ ನಾಲ್ಕು ಎಸಳು ಮಾಡಿದ್ದರು. ಎಸಳುಗಳ ನಡುವೆ ಒಂದು ಗುಂಡು ಕೂತಿತ್ತು, ಮೊಗ್ಗಿನೊಳಗಿನ ಕೇಸರದ ಹಾಗೆ.

“ಏನೋ ಅದು?” ಎಂದ ತಾತ.

“ಸಾಬೊ ಅಂತಾರೆ ಕಣಪ್ಪ. ಫ್ರೆಂಚ್ ಮಾತು. ಹಂಗಂದ್ರೆ ಮರದ ಚಪ್ಪಲಿ, ನಮ್ಮ ಕಡೆ ಎಕ್ಕಡ ಅಂತೀವಲ್ಲ, ಅದು.”

ಗಡಿಯ ಊರಿನವರಿಗೆ ಈ ಮಾತು ಕೇಳಿದರೆ ನಗು ಬಾರದೆ ಇರದು. ಕನ್ನಡದಲ್ಲಿ ಎಕ್ಕಡ ಎಂದರೆ ಕಾಲಿನದು. ತೆಲುಗಿನಲ್ಲಿ ಎಕ್ಕಡ ಎಂದರೆ ‘ಎಲ್ಲಿ?’ ಬಂಗಾರಪೇಟೆ ಸಂತೆಯಿಂದ ಕುಪ್ಪಂವರೆಗೆ ಈ ಒಂದು ಶಬ್ದದ ಮೇಲೆ ಎಷ್ಟು ತಮಾಷೆಗಳು ಓಡಾಡಿವೆಯೋ ಲೆಕ್ಕವಿಲ್ಲ. ತಾತನೂ ಬಿಡಲಿಲ್ಲ. “ಗುಂಡಿಗೆ ಎಕ್ಕಡ ಹಾಕಿ ಎಕ್ಕಡಿಗೆ ಕಳಿಸ್ತೀಯೋ?” ಎಂದು ಕೇಳಿದ. ಅಜ್ಜಿ ಒಳಗಿನಿಂದಲೇ ನಕ್ಕಳು. ಹುಡುಗ ನಗಲಿಲ್ಲ. ಅವನ ಕಣ್ಣು ಆ ನಾಲ್ಕು ಎಸಳಿನ ಮೇಲೇ ಇತ್ತು.

ಗುಂಡಿಗೆ ಚಪ್ಪಲಿ ಯಾಕೆ ಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಮುನ್ನೂರು ವರ್ಷ ಸೈನ್ಯಗಳನ್ನು ಕಾಡಿದ ಪ್ರಶ್ನೆ. ಬಾಯಿಯಿಂದ ತುಂಬುವ ಬಂದೂಕಿನ ಕಷ್ಟವಿರುವುದು ಗುಂಡಿಗೂ ನಳಿಗೆಗೂ ನಡುವಿನ ಸಂದಿನಲ್ಲಿ. ಗುಂಡು ನಳಿಗೆಯಷ್ಟೇ ದಪ್ಪವಿದ್ದರೆ ಬಾಯಿಯಿಂದ ಒಳಗೆ ಇಳಿಯುವುದಿಲ್ಲ. ಸಣ್ಣದಾದರೆ ಸಲೀಸಾಗಿ ಇಳಿಯುತ್ತದೆ, ಆದರೆ ಹೊರಗೆ ಬರುವಾಗ ಗೋಡೆಯಿಂದ ಗೋಡೆಗೆ ಬಡಿದುಕೊಂಡು ಬರುತ್ತದೆ. ಕೊನೆಯಲ್ಲಿ ಯಾವ ಗೋಡೆಗೆ ತಗುಲಿತೋ ಅದರ ಮೇಲೆ ಅದರ ದಾರಿ. ಇಷ್ಟು ಸಾಲದೆಂಬಂತೆ ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಮಸಿಯಾಗಿ, ಉಪ್ಪಾಗಿ ಉಳಿದು, ಅದರಲ್ಲಿ ಒಂದಷ್ಟು ನಳಿಗೆಯೊಳಗೇ ಅಂಟುತ್ತದೆ. ನಾಲ್ಕು ಸಲ ಹಾರಿಸಿದರೆ ನಳಿಗೆ ಇನ್ನಷ್ಟು ಇಕ್ಕಟ್ಟು. ಅದಕ್ಕೇ ಬ್ರಿಟಿಷ್ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕಿನಲ್ಲಿ ನಳಿಗೆ ಮುಕ್ಕಾಲು ಅಂಗುಲವಾದರೆ ಗುಂಡು ಸುಮಾರು 0.69 ಅಂಗುಲ. ಮಿಲಿಮೀಟರಿನಲ್ಲಿ ಹೇಳುವುದಾದರೆ 19ಕ್ಕೆ ಹದಿನೇಳೂವರೆ. ಒಂದೂವರೆ ಮಿಲಿಮೀಟರ್ ಸಂದು! ಬೂದಿಕೋಟೆ ಇರುವುದು ಇದೇ ಬಂಗಾರಪೇಟೆ ಸೀಮೆಯಲ್ಲಿ. ಅಲ್ಲಿ ಹುಟ್ಟಿದ ಹೈದರಾಲಿಯ ಕಾಲದ ಯುದ್ಧಗಳಲ್ಲಿ ಸಿಪಾಯಿಗಳು ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುತ್ತಿದ್ದುದಕ್ಕೆ ಈ ಸಂದೂ ಒಂದು ಕಾರಣ. ಒಬ್ಬನ ಗುಂಡಿಗೆ ಭರವಸೆಯಿಲ್ಲ. ನೂರು ಜನ ಒಟ್ಟಿಗೆ ಹಾರಿಸಿದರೆ ಯಾವುದಾದರೊಂದು ತಗುಲೀತು.

ಇದಕ್ಕೆ ಕಾರಣವನ್ನು ಲೆಕ್ಕ ಹಾಕಿ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಅವನು ಬರೆದ ಪುಸ್ತಕವನ್ನು ಆಯ್ಲರ್ ಅಂಥ ಆಯ್ಲರನೇ ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಬೇಕೆಂದೇ ಒಂದು ನಳಿಗೆಯ ಬಾಯನ್ನು ಕೊಂಚ ಎಡಕ್ಕೆ ಬಗ್ಗಿಸಿ ಹಾರಿಸಿದ. ಗುಂಡು ಮೊದಲು ಎಡಕ್ಕೆ ಹೊರಟಿತು. ಮುಂದೆ ಹೋಗುತ್ತಾ ಬಲಕ್ಕೆ ತಿರುಗಿತು! ಬಾಗಿದ ಗೋಡೆಗೆ ಉಜ್ಜಿಕೊಂಡು ಬಂದದ್ದರಿಂದ ಗುಂಡು ಬುಗುರಿಯಂತೆ ಸುತ್ತುತ್ತಿತ್ತು, ಆ ಸುತ್ತಿನಿಂದ ಗಾಳಿ ಅದನ್ನು ಪಕ್ಕಕ್ಕೆ ತಳ್ಳಿತು. ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲೇ ತೇಲಿ ಪಕ್ಕಕ್ಕೆ ಸರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಗೆ ಹೇಗೋ ಸುತ್ತುವ ಬದಲು ಹೋಗುವ ದಾರಿಯನ್ನೇ ಅಚ್ಚು ಮಾಡಿಕೊಂಡು ಸುತ್ತುವಂತಾದರೆ ಗುಂಡು ನೆಟ್ಟಗೆ ಹೋಗುತ್ತದೆ. ಅದಕ್ಕೆ ನಳಿಗೆಯೊಳಗೆ ಸುರುಳಿ ಗೀರುಗಳಿರಬೇಕು. ಗೀರಿದ್ದರೆ ರೈಫಲ್, ಇಲ್ಲದಿದ್ದರೆ ಬರಿಯ ಬಂದೂಕು. ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಸರಿಪಡಿಸಲು ಈ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ನಮ್ಮ ಭೌತಶಾಸ್ತ್ರದ ಪಠ್ಯಗಳಲ್ಲಿ ಅವನ ಹೆಸರು ಕಾಣುವುದು ಅಪರೂಪ.

ಗೀರುಗಳಿದ್ದರೂ ಸಂದಿನ ತೊಂದರೆ ತೀರಲಿಲ್ಲ. ಗುಂಡು ಗೀರನ್ನು ಕಚ್ಚಿ ಹಿಡಿಯಬೇಕಲ್ಲ! ಹಾಗಾಗಿ ಗುಂಡಿಗೆ ಎಣ್ಣೆ ಸವರಿದ ಬಟ್ಟೆಯ ತುಂಡು ಸುತ್ತಿ ಗಿಡಿಯುವ ಪದ್ಧತಿ ಬಂತು. ಬಟ್ಟೆ ಮೆತ್ತಗಿದ್ದು ಗೀರಿಗೆ ಹೊಂದಿಕೊಳ್ಳುತ್ತದೆ, ಗುಂಡನ್ನು ತನ್ನ ಜೊತೆ ಸುತ್ತಿಸುತ್ತದೆ, ಹೊರಗೆ ಬಂದ ತಕ್ಷಣ ಉದುರಿಹೋಗುತ್ತದೆ. ಗುಂಡಿನ ಮೊದಲ ಪಾದರಕ್ಷೆ ಇದೇ ಎನ್ನಬೇಕು.

ಶಾಲೆಯಲ್ಲಿ 1857ರ ದಂಗೆಯ ಪಾಠ ಓದದವರಿಲ್ಲ. ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ಹಸುವಿನ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ, ಸಿಪಾಯಿಗಳ ಆಕ್ರೋಶ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತಾರೆ. ಆದರೆ ಅಲ್ಲಿ ಕೊಬ್ಬು ಯಾತಕ್ಕೆ ಬೇಕಾಗಿತ್ತು ಎಂದು ಮಾತ್ರ ಪಠ್ಯ ಹೇಳುವುದಿಲ್ಲ, ಮೇಷ್ಟರೂ ಹೇಳುವುದಿಲ್ಲ, ಮಕ್ಕಳೂ ಕೇಳುವುದಿಲ್ಲ. ಎನ್‌ಫೀಲ್ಡ್ ನಳಿಗೆ 0.577 ಅಂಗುಲ, ಒಳಗೆ ಗೀರುಗಳು. ಗುಂಡು ಅದಕ್ಕಿಂತ ಒಂದು ಕೂದಲು ಸಣ್ಣದು. ಗುಂಡನ್ನು ಸುತ್ತಿದ್ದ ಕಾಗದವನ್ನು ತೆಗೆಯದೆ ಕಾಗದದ ಸಮೇತ ನಳಿಗೆಗೆ ತಳ್ಳಬೇಕಾಗಿತ್ತು. ಆ ಕಾಗದವೇ ಸಂದು ತುಂಬುವ ಪಾದರಕ್ಷೆ. ಮಸಿ ಹಿಡಿದ ನಳಿಗೆಯಲ್ಲಿ ಕಾಗದ ಜಾರಬೇಕಾದರೆ ಜಿಡ್ಡು ಬೇಕು. ಒಂದು ಸಾಮ್ರಾಜ್ಯವನ್ನು ಅಲುಗಾಡಿಸಿದ ಆ ಕೊಬ್ಬು ಕೂರಬೇಕಾಗಿದ್ದ ಜಾಗ ಒಂದು ಮಿಲಿಮೀಟರಿಗಿಂತ ಕಿರಿದು.

ಹುಡುಗನಿಗೆ ಇದೆಲ್ಲ ಒಂದೇ ದಿನ ಗೊತ್ತಾದದ್ದಲ್ಲ. ಮಾವ ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪ ಹೇಳುತ್ತಿದ್ದ, ಉಳಿದದ್ದನ್ನು ಇವನು ಹುಡುಕಿ ಓದುತ್ತಿದ್ದ. ಮಾವನ ರೈಫಲ್ ಬಾಯಿಯಿಂದ ತುಂಬುವಂಥದೇ, ಆದರೆ ಹೊಸ ಮಾದರಿ. 1985ರಲ್ಲಿ ಟೋನಿ ನೈಟ್ ಎಂಬಾತ ಹೊರತಂದ ರೈಫಲಿನ ನಂತರ ಅಲ್ಲಿ ಜನಪ್ರಿಯವಾದ ಜಾತಿಯದು. ನಳಿಗೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಅದರೊಳಗೆ ಹಾಕುವುದು 0.452 ಅಂಗುಲದ ಗುಂಡು, 11.48 ಮಿಲಿಮೀಟರ್. ಕಳೆದು ಎರಡರಿಂದ ಭಾಗಿಸಿದರೆ ಸುತ್ತಲೂ 0.61 ಮಿಲಿಮೀಟರ್ ಸಂದು. ಎಸಳಿನ ದಪ್ಪ ಅಷ್ಟಿರಬೇಕು. 0.429ರ ಗುಂಡಾದರೆ ಎಸಳು 0.9 ಮಿಲಿಮೀಟರ್. ಹುಡುಗ ಈ ಲೆಕ್ಕವನ್ನು ರಸಾಯನಶಾಸ್ತ್ರದ ನೋಟ್ಸಿನ ಹಿಂದಿನ ಪುಟದಲ್ಲಿ ಮಾಡಿದ. ಅಮ್ಮ ನೋಡಿ ಅದು ಸಿಇಟಿ ಲೆಕ್ಕವೆಂದು ತಿಳಿದು ಹಾಲು ತಂದುಕೊಟ್ಟಳು.

ಲೆಕ್ಕಕ್ಕೆ ಸರಿಹೋದದ್ದು ನಳಿಗೆಗೂ ಸರಿಹೋಗಬೇಕೆಂದಿಲ್ಲ ಎಂದ ಮಾವ. ಎರಡು ಕಂಪೆನಿಗಳ ಅರ್ಧ ಅಂಗುಲ ಒಂದೇ ಅರ್ಧ ಅಂಗುಲವಲ್ಲ. ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಸಾಬೊ ಆರಿಸುವಾಗ ಕೈಗೆ ಗೊತ್ತಾಗಬೇಕು. ಗಜದಿಂದ ಒತ್ತಿದರೆ ಒಂದೇ ಸಮನೆ ಬಿಗಿಯಾಗಿ ಇಳಿಯಬೇಕು. ಸುತ್ತಿಗೆ ಬೇಕಾದರೆ ಬಿಗಿ ಹೆಚ್ಚಾಯಿತು, ಪ್ಲಾಸ್ಟಿಕ್ ನುಜ್ಜಾಗುತ್ತದೆ. ತಾನಾಗಿ ಜಾರಿ ಇಳಿದರೆ ಸಡಿಲವಾಯಿತು. ಬಂದೂಕನ್ನು ಕೆಳಮುಖ ಮಾಡಿದಾಗ ಗುಂಡು ಮದ್ದನ್ನು ಬಿಟ್ಟು ಮುಂದಕ್ಕೆ ಸರಿಯುತ್ತದೆ, ಆ ಖಾಲಿ ಜಾಗವೇ ನಳಿಗೆ ಒಡೆಯುವುದಕ್ಕೆ ದಾರಿ. ಸುರುಳಿಯ ಲೆಕ್ಕವೂ ಉಂಟು. ಉರುಟು ಗುಂಡಿಗೆ ಅರವತ್ತಾರು ಅಂಗುಲಕ್ಕೊಂದು ಸುತ್ತಿನಂಥ ನಿಧಾನದ ಸುರುಳಿ ಸಾಕು. ಸಾಬೊದಲ್ಲಿ ಕೂರುವ ಉದ್ದನೆಯ ಗುಂಡಿಗೆ ಇಪ್ಪತ್ತೆಂಟು ಅಂಗುಲಕ್ಕೇ ಒಂದು ಸುತ್ತು ಬೇಕು. ಗುಂಡು ಉದ್ದವಾದಷ್ಟೂ ಜೋರಾಗಿ ಸುತ್ತಬೇಕೆಂದು ಗ್ರೀನ್‌ಹಿಲ್ ಎಂಬ ಗಣಿತಜ್ಞ 1879ರಲ್ಲೇ ಸೂತ್ರ ಕಟ್ಟಿಟ್ಟಿದ್ದಾನೆ. ಹಳೆಯ ಸುರುಳಿಯ ಬಂದೂಕಿಗೆ ಹೊಸ ಸಾಬೊ ತಂದು ಹಾಕಿ, ಗುರಿ ತಪ್ಪಿತೆಂದು ಸಾಬೊವನ್ನು ಬೈಯುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರಂತೆ.

ಹುಡುಗನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ. ಗುಂಡು ಹಾರಿಸಿದ ಮೇಲೆ ಮಾವ ಗುರಿಹಲಗೆಯ ಕಡೆಗೆ ಮೊದಲು ಹೋಗುವುದಿಲ್ಲ. ತನ್ನ ಮುಂದಿನ ಹುಲ್ಲಿನಲ್ಲಿ ಬಗ್ಗಿ ಉದುರಿದ ಸಾಬೊಗಳನ್ನು ಹೆಕ್ಕುತ್ತಾನೆ. ನಳಿಗೆಯಿಂದ ಹೊರಬಿದ್ದೊಡನೆ ಗಾಳಿಯ ಹೊಡೆತಕ್ಕೆ ಎಸಳು ಅರಳುತ್ತವೆ, ಗುಂಡು ಮುಂದಕ್ಕೆ ಹೋಗುತ್ತದೆ, ಚಪ್ಪಲಿ ಹತ್ತಿರದಲ್ಲೇ ಬೀಳುತ್ತದೆ. ಬಿದ್ದದ್ದನ್ನು ನೋಡಿದರೆ ಎಲ್ಲ ಗೊತ್ತಾಗುತ್ತದೆ. ನಾಲ್ಕೂ ಎಸಳು ಒಂದೇ ಸಮ ಮಗುಚಿದ್ದರೆ ಗುಂಡು ನೆಟ್ಟಗೆ ಹೋಗಿದೆ. ಒಂದು ಎಸಳು ಅರಳದೆ ಉಳಿದಿದ್ದರೆ ಅದು ಹೋಗುವ ಗುಂಡಿನ ಕಾಲು ಹಿಡಿದು ಎಳೆದಿದೆ. ತಳ ಸುಟ್ಟಿದ್ದರೆ, ತೂತು ಬಿದ್ದಿದ್ದರೆ ಮದ್ದು ಹೆಚ್ಚು, ಇಲ್ಲವೇ ಪ್ಲಾಸ್ಟಿಕ್ ಮೆದು; ನಡುವೆ ಒಂದು ಬಿಲ್ಲೆ ಹಾಕಬೇಕು. ನಳಿಗೆ ಕಾದಿದ್ದರೂ ಪ್ಲಾಸ್ಟಿಕ್ ಮೆತ್ತಗಾಗುತ್ತದೆ; ಆದ್ದರಿಂದ ಪ್ರತಿ ಸಲ ಒರೆಸಿ, ಆರಲು ಬಿಟ್ಟು, ಆಮೇಲೆ ಮುಂದಿನದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಸಾಬೊ ಬದಲಾಯಿಸಿದ ದಿನ ಮದ್ದಿನ ಅಳತೆ ಮುಟ್ಟಬಾರದು, ಮದ್ದು ಬದಲಾಯಿಸಿದ ದಿನ ಸಾಬೊ ಮುಟ್ಟಬಾರದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದರೂ ಕಾರಣ ಯಾವುದೆಂದು ತಿಳಿಯದು. ಕಾಲೇಜಿನ ಪ್ರಯೋಗಾಲಯದಲ್ಲಿ ಮೇಷ್ಟರು ಹೇಳುವುದೂ ಇದನ್ನೇ. ಅಲ್ಲಿ ಕೇಳಿದಾಗ ಹುಡುಗನಿಗೆ ನಿದ್ದೆ ಬಂದಿತ್ತು.

ಒಂದು ವಿಚಿತ್ರವೂ ಇದೆ. ಇಷ್ಟೆಲ್ಲ ಮಾಡಿದ ಮಾವ ಬೇಟೆಗೆ ಹೋಗುವಾಗ ಸಾಬೊ ಒಯ್ಯುವಂತಿಲ್ಲ. ಬಾಯಿಯಿಂದ ತುಂಬುವ ಬಂದೂಕಿಗೆಂದೇ ಕೊಲೊರಾಡೊದಲ್ಲಿ ಬೇರೆ ಬೇಟೆಯ ಋತುವಿದೆ. ಆ ಋತುವಿನಲ್ಲಿ ಸಾಬೊ ನಿಷಿದ್ಧ, ದುರ್ಬೀನೂ ನಿಷಿದ್ಧ. ಹಳೆಯ ಕಾಲದ ಬಂದೂಕು ಬೇಕೆಂದು ಕೇಳಿದಿರಿ, ಹಳೆಯ ಕಾಲದ ಕಷ್ಟವನ್ನೂ ಪಡಿ ಎಂಬ ಹಾಗೆ. ಅವನ ಸಾಬೊ ಏನಿದ್ದರೂ ಗುರಿಹಲಗೆಗೆ. ಅತ್ತ ಸೈನ್ಯದ ಟ್ಯಾಂಕುಗಳಿಗೆ ಈ ನಿರ್ಬಂಧವಿಲ್ಲ. ಟಿ-90 ಟ್ಯಾಂಕಿನ 125 ಮಿಲಿಮೀಟರಿನ ತೋಪು ಉಕ್ಕು ಸೀಳಲು ಹಾರಿಸುವ ತೆಳ್ಳನೆಯ ಬಾಣಕ್ಕೂ ಇದೇ ಹೆಸರಿನ ಪಾದರಕ್ಷೆ ಇದೆ. ಹೊರಗೆ ಬಂದ ಮೇಲೆ ಅದೂ ಹೀಗೆಯೇ ಉದುರುತ್ತದೆ.

ಇಲ್ಲಿಯವರೆಗೆ ಎಲ್ಲ ಕಾಗದದ ಮೇಲೆ ಇತ್ತು. ಸೆಪ್ಟೆಂಬರಿನ ಒಂದು ಭಾನುವಾರ ಹುಡುಗ ಕಾಲೇಜಿನಿಂದ ವರ್ನಿಯರ್ ಕ್ಯಾಲಿಪರ್ ತಂದ. ಕೇಳಿ ತಂದನೋ ಕೇಳದೆ ತಂದನೋ ಎಂಬುದು ಬೇರೆ ಮಾತು. ತಾತ ಒಳ್ಳೆಯ ಮನಸ್ಸಿನಲ್ಲಿದ್ದ. ಸರಪಳಿಯ ಬೀಗ ತೆಗೆದು ತುಪಾಕಿಯನ್ನು ಮಂಚದ ಮೇಲೆ ಇಟ್ಟ, ಗಜ ಇಳಿಸಿ ಖಾಲಿಯೆಂದು ತೋರಿಸಿದ. ಗಜದ ಮೇಲೆ ಎರಡು ಗೀಟುಗಳಿದ್ದವು. ಖಾಲಿ ಇದ್ದಾಗ ಮೇಲಿನ ಗೀಟು ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲುತ್ತದೆ, ತುಂಬಿದಾಗ ಕೆಳಗಿನದು. “ಕಣ್ಣು ಸುಳ್ಳು ಹೇಳ್ತದೆ, ನೆಪ್ಪೂ ಸುಳ್ಳು ಹೇಳ್ತದೆ, ಈ ಗೀಟು ಹೇಳಲ್ಲ” ಎಂದ ತಾತ. ಹುಡುಗ ವರ್ನಿಯರಿನ ಮೇಲಿನ ದವಡೆಗಳನ್ನು ನಳಿಗೆಯ ಬಾಯಿಗೆ ಇಳಿಸಿ ಅಳೆದ. ಒಂದು ಕಡೆ 17.9. ಕಾಲು ಸುತ್ತು ತಿರುಗಿಸಿದರೆ 18.3. ಎಷ್ಟೋ ವರ್ಷ ಗಜ ಒಂದೇ ಮಗ್ಗುಲಿಗೆ ಉಜ್ಜಿ ಬಾಯಿ ಸವೆದು ಮೊಟ್ಟೆಯಾಗಿತ್ತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಗೀರೇ ಇಲ್ಲ, ನುಣುಪು.

“ಇದಕ್ಕೆ ಸಾಬೊ ಆಗಲ್ಲ ತಾತ” ಎಂದ ಹುಡುಗ, ಕೊಂಚ ನಿರಾಸೆಯಿಂದ.

ತಾತನಿಗೆ ಅದರಿಂದ ಏನೂ ನಷ್ಟವಾದಂತೆ ಕಾಣಲಿಲ್ಲ. ಅವನು ಗಣಿಯ ಮಾತು ತೆಗೆದ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದದ್ದು. ಅದರೊಳಗೆ ಬಂಡೆಗೆ ಕುಳಿ ಕೊರೆದು ಮದ್ದು ತುಂಬುವವರ ಜೊತೆ ಅವನು ದುಡಿದವನು. “ಮದ್ದು ಹಾಕೋದು ದೊಡ್ಡದಲ್ಲಪ್ಪ. ಅದರ ಮೇಲೆ ಜೇಡಿಮಣ್ಣು ಉಂಡೆ ಕೂರಿಸಬೇಕು, ಸಂದು ಇರಬಾರದು. ಸಂದು ಬಿಟ್ರೆ ಬೆಂಕಿಯೆಲ್ಲ ಬಾಯಲ್ಲಿ ಉಗಿದು ಹೋಗ್ತದೆ, ಬಂಡೆ ಹಂಗೇ ನಿಂತಿರ್ತದೆ. ನಿನ್ನ ಮಾವನ ಎಕ್ಕಡ ಅಂದ್ರೂ ಅದೇ, ನನ್ನ ತೆಂಗಿನ ನಾರು ಅಂದ್ರೂ ಅದೇ.” 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಕ್ಯಾಸಂಬಳ್ಳಿಯ ಹೊಲಕ್ಕೆ ಮರಳಿದ ತಾತ ಗಣಿಯ ಬಗ್ಗೆ ಇಷ್ಟು ಮಾತಾಡಿದ್ದೇ ಕಡಿಮೆ.

ಹುಡುಗ ಹೂಂ ಎಂದ. ಆದರೆ ಹದಿನೇಳನೆಯ ವಯಸ್ಸಿನಲ್ಲಿ ‘ಆಗುವುದಿಲ್ಲ’ ಎಂದು ತಾನೇ ಹೇಳಿದ ಮಾತನ್ನು ತಾನೇ ನಂಬುವುದು ಕಷ್ಟ. ಮುಂದಿನ ಭಾನುವಾರ ಅಮ್ಮನ ಹೋಮಿಯೋಪತಿ ಮಾತ್ರೆಯ ಡಬ್ಬಿಗಳಲ್ಲೊಂದು ಅವನ ಜೇಬಿನಲ್ಲಿತ್ತು. ಉದ್ದನೆಯ, ಬಿಳಿಯ ಪ್ಲಾಸ್ಟಿಕ್ ಡಬ್ಬಿ. ಹೊರ ಅಳತೆ 17.8. ಬ್ಲೇಡಿನಿಂದ ಬಾಯಿಯ ಕಡೆ ನಾಲ್ಕು ಸೀಳು ಮಾಡಿದ, ಒಳಗೆ ಒಂದು ಗೋಲಿ ಕೂರಿಸಿದ. ತಂಗಿಯ ಗೋಲಿ. ಮನೆಯವರೆಲ್ಲ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಬೀಗದ ಕೈ ಕ್ಯಾಲೆಂಡರಿನ ಹಿಂದೆ ಇರುವುದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು. ಮದ್ದನ್ನು ಅವನು ಮುಟ್ಟಲಿಲ್ಲ, ಮುಟ್ಟುವ ಯೋಚನೆಯೂ ಇರಲಿಲ್ಲ. ಹೊಂದುತ್ತದೆಯೋ ಇಲ್ಲವೋ ನೋಡಿ ತೆಗೆದುಬಿಡುವುದು, ಅಷ್ಟೆ.

ಡಬ್ಬಿ ಸಲೀಸಾಗಿ ಇಳಿಯಿತು. ಅರ್ಧ ದಾರಿಯಲ್ಲಿ ನಿಂತಿತು. ಮೇಲಿನಿಂದ ಒತ್ತಿದರೆ ಕೆಳಕ್ಕೆ ಹೋಗದು. ಬೋರಲು ಹಾಕಿ ಕುಟ್ಟಿದರೆ ಹೊರಕ್ಕೆ ಬಾರದು. ಒಳಗೆ ಗೋಲಿ ಲೊಟಗುಟ್ಟುವುದು ಮಾತ್ರ ಕೇಳುತ್ತಿತ್ತು. ಅಂಗಳದಲ್ಲಿ ಆಟೋ ನಿಂತ ಸದ್ದಾಯಿತು. ಹುಡುಗ ತುಪಾಕಿಯನ್ನು ಗೂಟದ ಮೇಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಭೌತಶಾಸ್ತ್ರದ ಪುಸ್ತಕ ಬಿಚ್ಚಿ ಕೂತ. ಅಮ್ಮ ನೋಡಿ ಸಂತೋಷಪಟ್ಟಳು.

ಆ ವಾರ ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಸೋಮವಾರ, ಹೇಳಿದರಾಯಿತು ಎಂದುಕೊಂಡ. ಮಂಗಳವಾರ, ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡ. ಬುಧವಾರ ಕಿರುಪರೀಕ್ಷೆ ಇತ್ತು. ಗುರುವಾರ ರಾತ್ರಿ ಅಜ್ಜಿಯ ಫೋನು ಬಂತು, ಊರಿಗೆ ಹಂದಿ ಇಳಿದಿವೆಯೆಂದೂ ನಾಳೆಯಿಂದ ತಾತ ಹೊಲದಲ್ಲಿ ಮಲಗುತ್ತಾನೆಂದೂ. ಹುಡುಗನ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು.

ನಡುದಾರಿಯಲ್ಲಿ ತಡೆ ಇರುವ ನಳಿಗೆಗೆ ಮದ್ದು ಸುರಿದರೆ ಏನಾದೀತು ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಸೀಳುಗಳ ಸಂದಿನಿಂದ ಮದ್ದು ಕೆಳಕ್ಕೆ ಸೋರೀತು. ಅದರ ಮೇಲೆ ಖಾಲಿ ಜಾಗ, ಖಾಲಿ ಜಾಗದ ಮೇಲೆ ಗಟ್ಟಿಯಾಗಿ ಕಚ್ಚಿಕೊಂಡ ಡಬ್ಬಿ, ಅದರ ಮೇಲೆ ಇನ್ನಷ್ಟು ಮದ್ದು, ನಾರು. ಕುದುರೆ ಎಳೆಯುವಾಗ ತಾತನ ಎಡಗೈ ಇರುವುದು ಅಲ್ಲೇ, ಆ ಡಬ್ಬಿಯ ಕೆಳಗೆ.

ಶುಕ್ರವಾರ ಸಂಜೆ ಪಾಠಕ್ಕೆ ಹೋಗದೆ ಅವನು ಕ್ಯಾಸಂಬಳ್ಳಿಯ ಬಸ್ಸು ಹತ್ತಿದ. ಮನೆ ತಲುಪುವಾಗ ಕತ್ತಲಾಗಿತ್ತು. ಗೂಟ ಖಾಲಿ. ಅಜ್ಜಿ “ಏನೋ ಈ ಹೊತ್ತಿನಲ್ಲಿ?” ಎನ್ನುತ್ತಿದ್ದಂತೆ ಅವನು ಹೊಲದ ಕಡೆಗೆ ಓಡಿದ್ದ. ಕೆರೆ ಏರಿ ದಾಟುವವರೆಗೆ ಕೂಗಲೂ ಉಸಿರಿರಲಿಲ್ಲ. ಹೊಲದ ಮೂಲೆಯ ಗುಡಿಸಲಿನಲ್ಲಿ ಲಾಂದ್ರದಂಥ ಒಂದು ಬ್ಯಾಟರಿ ದೀಪ ಉರಿಯುತ್ತಿತ್ತು.

ತಾತ ಕಾಲು ಚಾಚಿ ಕೂತಿದ್ದ. ತುಪಾಕಿ ತೊಡೆಯ ಮೇಲೆ. ಗಜ ನಳಿಗೆಯ ಒಳಗಿತ್ತು. ಕೆಳಗಿನ ಗೀಟು ನಳಿಗೆಯ ಬಾಯಿಯಿಂದ ಎರಡು ಗೇಣು ಮೇಲೆ ನಿಂತಿತ್ತು. ಮದ್ದಿನ ಡಬ್ಬಿ ಪಕ್ಕದಲ್ಲಿ ಮುಚ್ಚಿದ ಹಾಗೇ ಇತ್ತು.

“ಒಳಗೆ ಏನೈತೆ?” ಎಂದು ಕೇಳಿದ ತಾತ. ಯಾರು ಹಾಕಿದ್ದು ಎಂದು ಕೇಳಲಿಲ್ಲ.

“ಗೋಲಿ” ಎಂದ ಹುಡುಗ. “ಗೋಲಿ, ಮಾತ್ರೆ ಡಬ್ಬಿ.”

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆ ರಾತ್ರಿ ಹಂದಿಗಳೂ ಬಂದವು. ತಾತ, ಮೊಮ್ಮಗ ಇಬ್ಬರೂ ಖಾಲಿ ಸೀಮೆಎಣ್ಣೆ ಡಬ್ಬ ಬಡಿದುಕೊಂಡು ಬೆಳಗಿನ ಜಾವದವರೆಗೆ ಹೊಲ ಸುತ್ತಿದರು. ಅರ್ಧ ಎಕರೆಯಷ್ಟು ನೆಲಗಡಲೆ ಹೋಯಿತು.

ಮುಂದಿನ ವಾರ ತಾತ ಲೈಸೆನ್ಸ್ ಪುಸ್ತಕ, ತುಪಾಕಿ ಎರಡನ್ನೂ ತೆಗೆದುಕೊಂಡು ಬಂದೂಕು ರಿಪೇರಿಗೆ ಪರವಾನಗಿ ಇರುವ ಅಂಗಡಿಗೆ ಹೋದ. ಅಂಗಡಿಯವನು ನಳಿಗೆಯ ಹಿಂಭಾಗದ ತಿರುಪು ಬಿಚ್ಚಿ, ಹಿಂದಿನಿಂದ ಕಡ್ಡಿ ತೂರಿಸಿ ಡಬ್ಬಿಯನ್ನು ಹೊರದಬ್ಬಿದ. ಆಮೇಲೆ ಬಿಚ್ಚಿದ್ದು ಬಿಚ್ಚಿಯಾಯಿತು ಎಂದು ಒಳಗೆ ದೀಪ ಬಿಟ್ಟು ನೋಡಿ, ತಾತನನ್ನೂ ಕರೆದು ತೋರಿಸಿದ. ಮದ್ದು ಕೂರುವ ಜಾಗದಲ್ಲಿ ಕಬ್ಬಿಣವನ್ನು ತುಕ್ಕು ತಿಂದು ಗುಳಿ ಮಾಡಿತ್ತು. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ. ಹಾರಿಸಿದ ದಿನವೇ ಬಿಸಿನೀರು ಹಾಕಿ ತೊಳೆಯದಿದ್ದರೆ ಹೀಗಾಗುತ್ತದೆ. ತಾತ ಬಾಯಿಯ ಕಡೆಯಿಂದ ಬಟ್ಟೆ ಹಾಕಿ ಒರೆಸುತ್ತಿದ್ದ, ಆದರೆ ತಳ ಕಂಡವರು ಯಾರು? ಇನ್ನು ಇದಕ್ಕೆ ಮದ್ದು ಹಾಕಬೇಡಿ ಎಂದ ಅಂಗಡಿಯವನು. ತಾತ ಆ ಗುಳಿಯ ಆಳ ಎಷ್ಟೆಂದು ಕೇಳಿದ. ಅಂಗಡಿಯವನು ಅಂದಾಜಿನಲ್ಲಿ ಹೇಳಿದ. ತಾತನಿಗೆ ಅಂದಾಜು ಸಾಲಲಿಲ್ಲ. ಮೊಮ್ಮಗನಾಗಿದ್ದರೆ ಅಳೆದು ಹೇಳುತ್ತಿದ್ದ ಎಂದ.

ಆ ವರ್ಷದ ಆಯುಧಪೂಜೆಗೆ ಗೋಡೆಯ ಗೂಟಗಳು ಬರಿದಾಗಿದ್ದವು. ತುಪಾಕಿಯನ್ನು ಠಾಣೆಗೆ ಒಪ್ಪಿಸಿ ಲೈಸೆನ್ಸ್ ಬಿಟ್ಟುಕೊಡಲು ತಾತ ಅರ್ಜಿ ಬರೆಸಿದ್ದ. ಕುಂಕುಮ ಹಚ್ಚಲು ಕುಡುಗೋಲು, ಗುದ್ದಲಿ, ಗಣಿಯ ಟೋಪಿ ಸಾಲಾಗಿ ಕೂತಿದ್ದವು. ಜೊತೆಗೆ ಗಜವನ್ನೂ ತಾತ ಗೋಡೆಗೊರಗಿಸಿದ್ದ, ಎರಡು ಗೀಟುಗಳ ಸಮೇತ. ವರ್ನಿಯರ್ ಇರಲಿಲ್ಲ, ಅದು ಕಾಲೇಜಿಗೆ ಮರಳಿತ್ತು. ಡಬ್ಬಿ ಹುಡುಗನ ಜೇಬಿನಲ್ಲಿತ್ತು. ಅದರ ಮೂರು ಎಸಳು ನೆಟ್ಟಗಿದ್ದವು, ಒಂದು ಒಳಕ್ಕೆ ಮಡಚಿಕೊಂಡಿತ್ತು. ಸಿಕ್ಕಿಕೊಂಡದ್ದು ಅದರಿಂದಲೇ. ತಾತ ಅದನ್ನು ಅವನ ಕೈಗೆ ಕೊಟ್ಟು, “ನಿಮ್ಮಮ್ಮನಿಗೆ ನಾನು ಹೇಳಲ್ಲ. ನೀನೇ ಹೇಳು, ಯಾವತ್ತು ಹೇಳ್ತೀಯೋ ಅವತ್ತು” ಎಂದಿದ್ದ. ಅದಾಗಿ ಹತ್ತು ದಿನಗಳಾಗಿದ್ದವು.

ಪೂಜೆ ಮುಗಿದು ಎಲ್ಲರೂ ಒಬ್ಬಟ್ಟಿಗೆ ಕೂತರು. ಅಮ್ಮ ತನ್ನ ಮಾತ್ರೆಯ ಚೀಲ ತಡಕಾಡುತ್ತಾ, “ನನ್ನದೊಂದು ಉದ್ದ ಡಬ್ಬಿ ಕಾಣ್ತಿಲ್ಲ, ಒಂದು ತಿಂಗಳಾಯ್ತು. ಯಾರಾದ್ರೂ ನೋಡಿದ್ರಾ?” ಎಂದಳು.

ತಾತ ಎಲೆಯಿಂದ ತಲೆ ಎತ್ತಲಿಲ್ಲ. “ಎಕ್ಕಡ” ಎಂದ.

“ಅದನ್ನೇ ಅಲ್ವಾ ನಾನು ಕೇಳ್ತಿರೋದು, ಎಲ್ಲಿ ಅಂತ” ಎನ್ನುತ್ತಾ ಅಮ್ಮ ಒಳಗೆ ಹುಡುಕಲು ಹೋದಳು. ಹುಡುಗ ಎಂಜಲು ಕೈಯಲ್ಲೇ ಎದ್ದು ಅವಳ ಹಿಂದೆ ಹೋದ.